ಏಳೂ ಅರವತ್ತು

ನಾವು ಡಚ್ಚರು ಮುಖಕ್ಕೆ ಹೊಡೆದ ಹಾಗೆ ಮಾತಾಡುವ ಜನ. ಅದರ ಬಗ್ಗೆ ನಮಗೆ ವಿಪರೀತ ಹೆಮ್ಮೆ. ಸೂಪು ನೀರು ನೀರಾಗಿದ್ದರೆ ಮಾಡಿದವರ ಎದುರಿಗೇ ಹೇಳುತ್ತೇವೆ. ನನ್ನ ತಮ್ಮನ ಹೊಸ ಹೆಂಡತಿಗೆ ಮದುವೆಯ ದಿನವೇ ‘ಈ ಬಣ್ಣ ನಿನಗೆ ಒಪ್ಪುವುದಿಲ್ಲ’ ಎಂದವನು ನಾನು. ಆಕೆ ಇವತ್ತಿಗೂ ನನಗೆ ಬರೀ ಕಾಫಿ ಕೊಡುತ್ತಾಳೆ, ಬಿಸ್ಕತ್ತು ಕೊಡುವುದಿಲ್ಲ. ಇಂಥ ನಾನು, ಎಪ್ಪತ್ತೊಂದು ವರ್ಷದ ವೋಲ್ಟರ್, ಅಲೈಡಾಳಿಗೆ ಒಂದೇ ಒಂದು ಮಾತು ಹೇಳಲಾಗದೆ ನಾಲ್ಕು ವರ್ಷ ಅವಳ ಸೈಕಲ್ ಟೈರಿನ ಗಾಳಿಯ ವಿಷಯ ಮಾತಾಡಿಕೊಂಡೇ ಕಾಲ ಕಳೆದೆ.

ಅಲೈಡಾ ನಮ್ಮೂರಿನಲ್ಲಿ ಔಷಧಿ ಅಂಗಡಿ ನಡೆಸುತ್ತಿದ್ದವಳು. ಗಂಡ ತೀರಿಕೊಂಡು ಐದು ವರ್ಷವಾಗಿತ್ತು. ನಾನಂತೂ ಮದುವೆಯೇ ಆಗದವನು. ಈಗ ಉತ್ತರದಲ್ಲಿ, ಫ್ರೀಸ್‌ಲಾಂಡಿನಲ್ಲಿರುವ ಅವಳ ಅಕ್ಕ ಫ್ರೌಕ್ಯೆ, ‘ಒಬ್ಬಳೇ ಯಾಕಿರ್ತೀಯ, ಮನೆ ಮಾರಿ ಇಲ್ಲಿಗೇ ಬಾ’ ಎಂದು ಕರೆದಿದ್ದಳು. ಭಾನುವಾರದೊಳಗೆ ಹೌದು ಅಥವಾ ಇಲ್ಲ ಅನ್ನಬೇಕಿತ್ತು. ಅವಳು ಹೊರಟುಹೋದರೆ ಊರಿನಲ್ಲಿ ನನ್ನ ಪಾಲಿಗೆ ಉಳಿಯುವವನು ಬೇರೆಂಡ್ ಒಬ್ಬನೇ. ಅದನ್ನು ನೆನೆಸಿಕೊಂಡರೇ ನನಗೆ ಊಟ ಸೇರುತ್ತಿರಲಿಲ್ಲ.

ಬೇರೆಂಡ್ ರೈಲ್ವೆಯಲ್ಲಿ ವೇಳಾಪಟ್ಟಿ ತಯಾರಿಸಿ ನಿವೃತ್ತನಾದವನು, ನಮ್ಮ ಆರು ಜನರ ಸೈಕಲ್ ತಂಡದ ಯಜಮಾನ. ಪ್ರತಿ ಆಗಸ್ಟಿನಲ್ಲೂ ಐದು ದಿನ ವೇಲುವೆಯ ಕಾಡು, ಹೀದರ್ ಹೂವಿನ ಬಯಲು, ಐಸಲ್ ನದಿಯ ಏರಿ ಎಂದು ಆರಾಮವಾಗಿ ಸುತ್ತುತ್ತೇವೆ. ಆರಾಮಕ್ಕೂ ಅವನಲ್ಲಿ ವೇಳಾಪಟ್ಟಿಯಿದೆ: ಹತ್ತು ಇಪ್ಪತ್ತರಿಂದ ಹತ್ತು ನಲವತ್ತರ ತನಕ ಆರಾಮ, ಆಮೇಲೆ ಪೆಡಲು. ಇಬ್ಬಿಬ್ಬರು ಪಕ್ಕಪಕ್ಕದಲ್ಲಿ ಹೋಗಬೇಕು. ಹಾದಿಗಳು ಕೂಡುವ ಕಡೆಗಳಲ್ಲೆಲ್ಲ ನಂಬರಿನ ಕಂಬಗಳಿವೆಯಲ್ಲ, ಅಂಥ ಒಂದೊಂದು ಕಂಬಕ್ಕೂ ಜೋಡಿ ಬದಲಾಗಬೇಕು. ಇಲ್ಲದಿದ್ದರೆ ತಂಡದಲ್ಲಿ ಗುಂಪುಗಾರಿಕೆ ಬೆಳೆಯುತ್ತದಂತೆ. ಇದ್ದ ಆರು ಜನರಲ್ಲಿ ಅದೇನು ಗುಂಪು ಬೆಳೆಯುತ್ತದೋ ದೇವರೇ ಬಲ್ಲ.

ಈ ಸಲ ಅವನ ಪ್ರಿಂಟರ್ ಕೆಟ್ಟಿತ್ತು. ಫೋನಿನಲ್ಲಿ ಪಟ್ಟಿ ಓದಿದ, ನಾನು ಬರೆದುಕೊಂಡು ಆರು ಪ್ರತಿ ಮಾಡಿದೆ. ಶನಿವಾರದ ಸಾಲು ಬಂದಾಗ ನನ್ನ ಪೆನ್ನು ಅಲ್ಲೇ ನಿಂತಿತು. ಇಪ್ಪತ್ನಾಲ್ಕನೇ ಕಂಬದಿಂದ ಒಂಬತ್ತು ಕಿಲೋಮೀಟರ್, ಹೂವಿನ ಬಯಲಿನ ನಡುವೆ, ಜೋಡಿ ವೋಲ್ಟರ್ ಮತ್ತು ಅಲೈಡಾ. ಐದು ದಿನದಲ್ಲಿ ನನಗೆ ಸಿಕ್ಕಿದ್ದು ಆ ಒಂದೇ ಹಾದಿ. ನನ್ನ ಕಣ್ಣು ಆ ಎರಡು ಹೆಸರಿನ ಮೇಲೇ ನೆಟ್ಟಿತ್ತು, ಅಂಕಿಯನ್ನು ಯಾರು ನೋಡಿದರು?

ನಮ್ಮ ಭಾಷೆಯಲ್ಲಿ ಲೆಕ್ಕ ತಲೆಕೆಳಗು. ಅರವತ್ತೇಳು ಎನ್ನಲು ನಾವು ‘ಏಳೂ ಅರವತ್ತು’ ಎನ್ನುತ್ತೇವೆ. ಕಿವಿಗೆ ಮೊದಲು ಏಳು ಬೀಳುತ್ತದೆ, ಕೈ ಮೊದಲು ಏಳನ್ನೇ ಬರೆಯುತ್ತದೆ. ಹೀಗಾಗಿ ಈ ದೇಶದಲ್ಲಿ ಫೋನ್ ಮಾಡಿದವರಲ್ಲಿ ಅರ್ಧ ಜನ ತಪ್ಪು ಮನೆಗೇ ಮಾಡಿರುತ್ತಾರೆ. ಆದರೆ ನಾನು ಅಂಥವನಲ್ಲ. ನೀರಾವರಿ ಮಂಡಳಿಯಲ್ಲಿ ಮೂವತ್ತೆಂಟು ವರ್ಷ ನದಿಯ ಮಟ್ಟ ನೋಡಿ ಬರೆದಿದ್ದೇನೆ, ಒಂದಂಕಿಯೂ ತಪ್ಪಿದ್ದಿಲ್ಲ. ನಿವೃತ್ತಿಯಾದಾಗ ಹಾಗೆಂದು ಹಿತ್ತಾಳೆ ಫಲಕದ ಮೇಲೆ ಕೆತ್ತಿಸಿ ಕೊಟ್ಟಿದ್ದಾರೆ.

ಶನಿವಾರ ಇಪ್ಪತ್ನಾಲ್ಕನೇ ಕಂಬದ ಹತ್ತಿರ ಎಲ್ಲರೂ ಇಳಿದೆವು. ಎಡಕ್ಕೆ ಬಾಣದ ಗುರುತು, 67. ಕಣ್ಣು ಹಾಯುವಷ್ಟು ದೂರ ನೇರಳೆ ಹೂ. ಬಲಕ್ಕೂ ಬಾಣದ ಗುರುತು, 76. ಅತ್ತ ಕಡೆಯಿಂದ ಹಂದಿ ಕೊಟ್ಟಿಗೆಯ ವಾಸನೆ ಗಾಳಿಯ ಜೊತೆ ತೇಲಿ ಬರುತ್ತಿತ್ತು. ಹ್ಯಾಂಡಲ್ಲಿಗೆ ಕಟ್ಟಿದ ಪಟ್ಟಿಯಲ್ಲಿ, ನನ್ನ ಮುತ್ತಿನಂಥ ಅಕ್ಷರದಲ್ಲಿ, ಇದ್ದದ್ದು 76.

“ನಾನು ಏಳೂ ಅರವತ್ತು ಅಂದಿದ್ದೆ,” ಎಂದ ಬೇರೆಂಡ್. “ಕಿವಿ ಸ್ವಲ್ಪ ಮಂದ ಆಗಿದೆಯೇನಯ್ಯ ನಿಂಗೆ?”

ಏನಾಗಿದೆಯೆಂದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ‘ಹೌದಪ್ಪ, ತಪ್ಪಾಯ್ತು’ ಎಂದಿದ್ದರೆ ಮುಗಿದಿತ್ತು, ಒಂಬತ್ತು ಕಿಲೋಮೀಟರ್ ಹೂವು ನನ್ನದಾಗುತ್ತಿತ್ತು. ಆದರೆ ಅವನು ನಗುತ್ತಾ ಕೇಳಿದ. ಆ ನಗುವನ್ನು ಮೂವತ್ತು ವರ್ಷದಿಂದ ಸಹಿಸಿಕೊಂಡು ಬಂದಿದ್ದೇನೆ.

“ನಾನು ಅಂಕಿ ತಪ್ಪು ಬರೆಯೋನಲ್ಲ,” ಎಂದೆ. “ನೀನು ಆರೂ ಎಪ್ಪತ್ತು ಅಂದೆ. ನಿನ್ನ ಬಾಯಿ ತಪ್ಪಿದ್ರೆ ನನ್ನ ಕಿವಿ ಏನು ಮಾಡುತ್ತೆ?”

ಅಲೈಡಾ ನನ್ನನ್ನೇ ನೋಡುತ್ತಿದ್ದಳು. “ಯೋಚನೆ ಮಾಡಿ ಹೇಳು ವೋಲ್ಟರ್,” ಎಂದಳು. “ನೀನು ಗೊತ್ತಿದ್ದೇ ಬರೆದಿದ್ದಾ ಅದು?”

“ಗೊತ್ತಿದ್ದೇ ಬರೆದಿದ್ದು. ಎರಡೆರಡು ಸಲ ನೋಡಿ ಬರೆದಿದ್ದು.”

ಸರಿ, ಸಭೆ ಸೇರಿತು. ನಮ್ಮಲ್ಲಿ ಎಲ್ಲರ ಅಭಿಪ್ರಾಯ ಕೇಳದೆ ನಾಯಿಯೂ ರಸ್ತೆ ದಾಟುವುದಿಲ್ಲ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ತಲೆಗೊಂದು ಬಿಸ್ಕತ್ತು ಹಂಚಿ, ಡಬ್ಬಿಯ ಮುಚ್ಚಳ ಹಾಕಿ ಚರ್ಚೆ ಶುರು ಮಾಡಿದೆವು. ಬೇರೆಂಡನ ಹೆಂಡತಿ ಗೇಷೆ, “ಹಂದಿಗಳೂ ಗ್ರಾಮೀಣ ಸೌಂದರ್ಯವೇ ತಾನೇ,” ಎಂದಳು. ತಂಡದ ಉಳಿದಿಬ್ಬರು, ಸ್ಲಾಟ್ ದಂಪತಿ, ಯಾವತ್ತೂ ಕೊನೆಗೆ ಮಾತಾಡಿದವರ ಪಕ್ಷ, ಹಾಗಾಗಿ ಕೊನೆಗೆ ನಾನೇ ಮಾತಾಡಿದೆ. “ಬರೆದದ್ದು ಬರೆದದ್ದೇ. ಪಟ್ಟಿ ಮೀರಿದ್ರೆ ನಾಳೆ ಏನಕ್ಕೂ ಬೆಲೆ ಇರಲ್ಲ,” ಎಂದು ಬೇರೆಂಡ್ ಸದಾ ಹೇಳುವ ಮಾತನ್ನೇ ಅವನಿಗೆ ತಿರುಗಿಸಿ ಹೊಡೆದೆ. ಇಪ್ಪತ್ತು ನಿಮಿಷಕ್ಕೆ ಸರ್ವಾನುಮತದಿಂದ ಹಂದಿ ಕೊಟ್ಟಿಗೆ ಗೆದ್ದಿತು. ಜಟ್ಟಿ ನೆಲಕ್ಕೆ ಬಿದ್ದಿದ್ದ, ಮೀಸೆ ಮಾತ್ರ ಮಣ್ಣಾಗಿರಲಿಲ್ಲ. ಆ ನಡುವೆ ಅಲೈಡಾ ಫೋನ್ ಹಿಡಿದುಕೊಂಡು ಕಂಬದಾಚೆಗೆ ಹೋಗಿ, ಯಾರ ಜೊತೆಗೋ ಎರಡು ಮಾತಾಡಿ ಬಂದಳು. ಗೆಲುವಿನ ಗುಂಗಿನಲ್ಲಿ ನಾನು ಅದಕ್ಕೆ ಗಮನ ಕೊಡಲಿಲ್ಲ.

ಬಲಕ್ಕೆ ತಿರುಗಿದೆವು. ಜೋಡಿಯೇನೋ ಅದೇ, ಹಾದಿ ಮಾತ್ರ ಒಂದೂವರೆ ಕಿಲೋಮೀಟರು. ಎರಡೂ ಕಡೆ ಉದ್ದಾನುದ್ದ ಕೊಟ್ಟಿಗೆಗಳು, ಗೋಡೆಯಲ್ಲಿ ಗರ್ರೆನ್ನುವ ಫ್ಯಾನುಗಳು. ಮಾತು ಮಾತೇ, ಎಲ್ಲಿ ಹೇಳಿದರೇನು ಎಂದು ಧೈರ್ಯ ತಂದುಕೊಂಡು ಬಾಯಿ ತೆರೆದೆ.

“ಹಿಂದಿನ ಟೈರಿಗೆ ಗಾಳಿ ಸ್ವಲ್ಪ ಕಮ್ಮಿ ಅನ್ಸುತ್ತೆ,” ಎಂದೆ.

ಅವಳು ಟೈರಿನ ಕಡೆ ನೋಡಲಿಲ್ಲ. “ಥ್ಯಾಂಕ್ಸ್ ವೋಲ್ಟರ್.”

“ಟೈರಿಗಾ?”

“ಅಲ್ಲ. ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟೆಯಲ್ಲ, ಅದಕ್ಕೆ. ಆ ಒಂಬತ್ತು ಕಿಲೋಮೀಟರ್ ಬೇರೆಂಡ್‌ಗೆ ಹೇಳಿ ನಾನೇ ಹಾಕಿಸಿದ್ದು. ಅವನಿಗೆ ಒಂದು ಇಡೀ ಆಪಲ್ ಕೇಕ್ ಕೊಟ್ಟೆ. ದಾರೀಲಿ ನೀನು ಬಾಯಿ ಬಿಡದೆ ಹೋದ್ರೆ ನಾನೇ ಕೇಳೋಣ ಅಂತಿದ್ದೆ. ನಿಂಗೆ ಇಷ್ಟ ಇಲ್ಲ ಅಂತ ನೀನು ಪಟ್ಟೀಲೇ ತಿದ್ದಿಬಿಟ್ಟೆ. ಏನೋ ತಪ್ಪಾಗಿರಬಹುದು ಅಂತ ಎಲ್ಲರ ಮುಂದೆ ಕೇಳಿಯೂ ನೋಡಿದೆ. ಅದಕ್ಕೇ ಆಗಲೇ ಫೋನ್ ಮಾಡಿ ಅಕ್ಕಂಗೆ ಬರ್ತೀನಿ ಅಂತ ಹೇಳಿಬಿಟ್ಟೆ.”

ನಾನು ಬ್ರೇಕ್ ಹಿಡಿದೆ. ಅವಳೂ ನಿಂತಳು. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡಿದ್ದೆ, ಅದೂ ಸರ್ವಾನುಮತದಿಂದ.

“ಏಳು ಅಂತ ಮೊದಲು ಕೇಳಿಸ್ತು, ಅದನ್ನೇ ಮೊದಲು ಬರೆದೆ,” ಎಂದೆ. “ತಪ್ಪು ಬರೆದಿದ್ದೆ ಅಲೈಡಾ.”

“ಎರಡೆರಡು ಸಲ ನೋಡಿದ್ದೆ ಅಂದೆಯಲ್ಲ.”

“ಸುಳ್ಳು ಹೇಳಿದೆ.”

“ಯಾಕೆ?”

“ಬೇರೆಂಡ್ ನಕ್ಕ.”

“ಬೇರೆಂಡ್ ನಗ್ತಾನೆ ಅಂತ ನೀನು ನನ್ನನ್ನ ಫ್ರೀಸ್‌ಲಾಂಡಿಗೆ ಕಳಿಸೋಕೆ ಹೊರಟಿದ್ದೆ,” ಎಂದಳು.

“ಹೋಗಬೇಡ,” ಎಂದೆ. “ನನ್ನ ಜೊತೆ ಇರು. ನಾಲ್ಕು ವರ್ಷದಿಂದ ಇದನ್ನೇ ಹೇಳೋಕೆ ಒದ್ದಾಡ್ತಿದೀನಿ.”

“ನಂಗೆ ಹೇಳಿದ್ದು ಸರಿ. ಅಕ್ಕಂಗೆ ಯಾರು ಹೇಳ್ತಾರೆ?” ನಂಬರು ಒತ್ತಿ ಫೋನನ್ನು ನನ್ನ ಕೈಗೆ ತುರುಕಿದಳು. “ಅವಳಿಗೆ ಕಿವಿ ಮಂದ. ಗಟ್ಟಿಯಾಗಿ ಮಾತಾಡು.”

ಅಷ್ಟರಲ್ಲಿ ಬೇರೆಂಡ್ ಹಿಂದಿನಿಂದ ಬಂದು ಗಡಿಯಾರ ನೋಡುತ್ತಾ ನಿಂತಿದ್ದ. ಅವನ ಬೆನ್ನಿಗೆ ಉಳಿದ ಮೂವರು. ಫೋನಿನ ಆ ಕಡೆಯಿಂದ ಒಂದು ಒರಟು ಧ್ವನಿ, “ಯಾರದು?”

“ನಾನು ವೋಲ್ಟರ್.”

“ಯಾರು?”

“ವೋಲ್ಟರ್.”

“ಓ, ಆ ಟೈರಿನವನಾ. ಏನು ವಿಷಯ?”

“ನಾನು ಅಂಕಿ ತಪ್ಪು ಬರೆದೆ.”

“ಕೇಳಿಸ್ಲಿಲ್ಲ. ಅದೇನು ಗಲಾಟೆ ಅಲ್ಲಿ?”

“ಹಂದಿಗಳು,” ಎಂದು ಕೂಗಿದೆ. “ನಾನು ತಪ್ಪು ಬರೆದೆ. ಬೇರೆಂಡ್ ಹೇಳಿದ್ದೇ ಸರಿ. ಅಲೈಡಾ ಬರಲ್ಲ. ಅವಳು ನಂಗೆ ಬೇಕು.”

ಐದೂ ಜನ ಕೇಳಿಸಿಕೊಂಡರು. ಬೇರೆಂಡ್ ಜೇಬಿನಿಂದ ಪೆನ್ನು ತೆಗೆದು ತನ್ನ ಪಟ್ಟಿಯಲ್ಲಿ 76 ಹೊಡೆದುಹಾಕಿ 67 ಎಂದು ಬರೆದ. ನಾಚಿಕೆಯಿಂದ ನನ್ನ ಕಿವಿ ಸುಡುತ್ತಿತ್ತು. ಆದರೂ ಇಷ್ಟು ವರ್ಷದಲ್ಲಿ ಎಂದೂ ಇಲ್ಲದಷ್ಟು ಸುಖವಾಗಿತ್ತು, ಯಾಕೆ ಸುಳ್ಳು ಹೇಳಲಿ.

ಆ ಕಡೆ ಫ್ರೌಕ್ಯೆ ದೊಡ್ಡದಾಗಿ ಉಸಿರು ಬಿಟ್ಟಳು. “ಅಲ್ಲಯ್ಯ, ಅರ್ಧ ಗಂಟೆ ಮುಂಚೆ ಹೇಳೋಕೇನಾಗಿತ್ತು? ಅವಳು ಬರ್ತೀನಿ ಅಂದ್ಲು ಅಂತ ಈಗ ತಾನೇ ಅಟ್ಟದಿಂದ ಮಂಚ ಇಳಿಸಿದೀನಿ. ಓಕ್ ಮರದ್ದು. ಸೊಂಟ ಹಿಡ್ಕೊಂಡಿದೆ. ಯಾರು ಅದನ್ನ ಮತ್ತೆ ಮೇಲೆ ಹತ್ತಿಸ್ತಾರೆ?”

“ನಾನೇ ಬಂದು ಹತ್ತಿಸ್ತೀನಿ,” ಎಂದೆ.

ಅಲೈಡಾ ಫೋನ್ ಕಿತ್ತುಕೊಂಡಳು. “ಅಕ್ಕ, ಅದು ಅಲ್ಲೇ ಕೆಳಗೇ ಇರಲಿ,” ಎಂದಳು. “ಬಂದಾಗ ಇಬ್ಬರಿಗೂ ಮಲಗೋಕೆ ಬೇಕಾಗುತ್ತೆ.”