ಅಪ್ಪಾಲಾಲ ಗವಂಡಿಯ ಕಿಬ್ಲಾ

ಮಸೀದಿಗೆ ಅಡಿಪಾಯದ ಗೆರೆ ಹಾಕುವಾಗ ಅಪ್ಪಾಲಾಲ ಗವಂಡಿ ಯಾರನ್ನೂ ಕೇಳುತ್ತಿರಲಿಲ್ಲ. ಸಂಜೆ ಸೂರ್ಯ ಮುಳುಗುವ ಕಡೆಗೆ ದಾರ ಎಳೆದು, ಎರಡು ಗೂಟ ಹೊಡೆದು, “ಮಕ್ಕಾ ಇತ್ಲಾಗ” ಎಂದುಬಿಡುತ್ತಿದ್ದ. ಅವನಿಗೆ ಕೆಲಸ ಕಲಿಸಿದ ಉಸ್ತಾದನೂ ಹಾಗೆಯೇ ಮಾಡುತ್ತಿದ್ದ. ಆ ದಾರದ ಮೇಲೆ ಐದು ಮಸೀದಿಗಳು ಎದ್ದಿದ್ದವು. ಆರನೆಯದು ದಿಗ್ಗೇವಾಡಿಯದು; ೧೯೯೧ರ ಮೇ ತಿಂಗಳು.

ಚಿಕ್ಕೋಡಿಯಲ್ಲಿ ಬಿಎಸ್ಸಿ ಓದುತ್ತಿದ್ದ ಮಗಳು ಶಮಶಾದ ರಜೆಗೆ ಬಂದವಳು ಗೂಟಗಳನ್ನು ನೋಡಿ ನಕ್ಕಳು.

“ಅಬ್ಬಾ, ಹೊತ್ತು ದಿನಾ ಒಂದ ಜಾಗಾದಾಗ ಮುಳಗತೈತೇನು? ಬ್ಯಾಸಗ್ಯಾಗ ಉತ್ತರಕ್ಕ ಸರಿತೈತಿ, ಚಳಿಗಾಲದಾಗ ದಕ್ಷಿಣಕ್ಕ. ಮಕ್ಕಾನೂ ಸರಿತೈತೇನು?”

“ಅಂದ್ರ ನಮ್ಮ ಉಸ್ತಾದ ಹುಚ್ಚ ಇದ್ದನೇನ ಬೇ?”

“ಉಸ್ತಾದನ್ನ ಬಿಡು. ಸೂರ್ಯನ್ನ ಕೇಳೂಣು.”

ಮೇ ಇಪ್ಪತ್ತೆಂಟರಂದು ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಎರಡು ನಲವತ್ತೆಂಟಾದಾಗ ಸೂರ್ಯ ಸರಿಯಾಗಿ ಮಕ್ಕಾದ ಕಾಬಾದ ನೆತ್ತಿಯ ಮೇಲಿರುತ್ತಾನೆ. ಆ ಗಳಿಗೆಯಲ್ಲಿ ಸೂರ್ಯ ಕಾಣುವ ದಿಕ್ಕೇ ಕಿಬ್ಲಾ, ನಮಾಜಿಗೆ ಮುಖ ಮಾಡುವ ದಿಕ್ಕು. ಶಮಶಾದ ರೇಡಿಯೋಗೆ ಹೊಂದಿಸಿದ ಗಡಿಯಾರ ಹಿಡಿದು ಕುಳಿತಳು. ಹಿತ್ತಾಳೆ ಗುಂಡು ಕಟ್ಟಿದ ದಾರವನ್ನು ಅಪ್ಪಾಲಾಲ ತಾನೇ ತೂಗುಬಿಟ್ಟ. ಬೇರೆಯವರು ಹಿಡಿದಿದ್ದರೆ ಅವನು ನಂಬುತ್ತಿರಲಿಲ್ಲ. ದಾರದ ನೆರಳು ಅವನ ಗೆರೆಯ ಗುಂಟ ಬೀಳದೆ ಓರೆಯಾಗಿ ಬಿತ್ತು.

“ಎಂಟು ಡಿಗ್ರಿ,” ಎಂದಳು ಮಗಳು, ಕೋನಮಾಪಕ ಇಟ್ಟು ನೋಡಿ.

“ಎಂಟಂದ್ರ ಏನ್ ಮಹಾ!”

“ಇದು ಬ್ಯಾಸಗಿ ಗೆರಿ. ಕಾಗವಾಡದ ಮಸೀದಿ ಗೆರಿ ಯಾವಾಗ ಹಾಕಿದ್ದಿ?”

“ಸಂಕ್ರಾಂತಿ ಮುಂದ…”

“ಅದು ಚಳಿಗಾಲದ ಗೆರಿ. ಅಲ್ಲಿ ಮೂವತ್ತಾರು ಡಿಗ್ರಿ.”

ಅಪ್ಪಾಲಾಲ ಗೂಟ ಕಿತ್ತು ನೆರಳಿನ ಗುಂಟ ಹೊಡೆದ. ಅಂದು ಊಟ ಮಾಡಲಿಲ್ಲ. ತನ್ನ ದಾರ ನಂಬಿ ಕಾಗವಾಡದ ಜನ ಇಪ್ಪತ್ತು ವರ್ಷ ಮಾಡಿದ ನಮಾಜು ವ್ಯರ್ಥವಾಗಿದ್ದರೆ, ಆ ಪಾಪ ತನ್ನ ತಲೆಗೇ ತಾನೆ?

ಮರುದಿನ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಎರಡು ಬಸ್ಸು ಬದಲಿಸಿ ಕಾಗವಾಡಕ್ಕೆ ಹೋದ. ಇಮಾಮ ಮೌಲಾಲಿ ಮಸೀದಿಯ ಅಂಗಳ ಗುಡಿಸುತ್ತಿದ್ದ. ಅಪ್ಪಾಲಾಲ ನಿಂತಲ್ಲೇ ಎಲ್ಲ ಒಪ್ಪಿಕೊಂಡ.

“ನಿಮ್ಮೆಲ್ಲಾರ ನಮಾಜ ಕೆಡಿಸೀನ್ರಿ, ಮೌಲಾನಾ.”

“ಹೇ ಗವಂಡಿ, ತಿಳೀದ ತಪ್ಪಿದ್ದು ಮಾಫ್. ದಿಕ್ಕ ಹುಡುಕೂದಷ್ಟ ನಮ್ಮ ಕೆಲಸ. ತಿಳದ ಮ್ಯಾಲ ತಿರಗಬೇಕು, ಅಷ್ಟ. ಒಳಗ ನೋಡ ಬಾ.”

ಒಳಗೆ ಚಾಪೆಗಳನ್ನೆಲ್ಲ ಗೋಡೆಗೆ ಓರೆಯಾಗಿ ಹಾಸಿತ್ತು. ಶಮಶಾದ ದಿಕ್ಸೂಚಿ ತೆಗೆದು ಎರಡು ಸಲ ನೋಡಿದಳು. ಚಾಪೆಗಳು ಸರಿಯಾಗಿಯೇ ಇದ್ದವು.

“ಹನ್ನೆರಡು ವರ್ಸದ ಹಿಂದ ಮಿರಜದ ಮಾಸ್ತರ ಒಬ್ಬಾಂವ ತೋರಿಸಿಕೊಟ್ಟ,” ಎಂದ ಇಮಾಮ, ಸ್ವಲ್ಪ ನಾಚಿ. “ನಿನಗ ಬ್ಯಾಸರಾದೀತಂತ ಹೇಳಲಿಲ್ಲ. ನೀ ಬಂದಾಗಷ್ಟ ಗೋಡಿಗೆ ನೆಟ್ಟಗ ಹಾಸ್ತಿದ್ವಿ.”

ಶಮಶಾದ ಓಢಣಿಯಿಂದ ಬಾಯಿ ಮುಚ್ಚಿಕೊಂಡಳು. ಅಪ್ಪಾಲಾಲನ ಮುಖ ಮೊದಲು ಕೆಂಪಾಯಿತು. ಆಮೇಲೆ ನಿಧಾನವಾಗಿ ಅರಳತೊಡಗಿತು.

“ಅಂದ್ರ, ನಾ ಬಂದಾಗೆಲ್ಲಾ ಗೊತ್ತಿದ್ದೂ ಗೊತ್ತಿದ್ದೂ ತಪ್ಪು ದಿಕ್ಕಿಗೆ ನಿಂತ್ರಿ?”

ಇಮಾಮ ಕೈಯಲ್ಲಿದ್ದ ಪೊರಕೆಯಿಂದ ಚಾಪೆಯ ಅಂಚು ಗುಡಿಸತೊಡಗಿದ.

“ನಂದೇನೋ ಮಾಫ್ ಆತು. ನಿಮ್ಮದು ಹೆಂಗ್ರಿ, ಮೌಲಾನಾ?” ಅಪ್ಪಾಲಾಲ ಚಾಪೆಯ ಮೇಲೆ ಆರಾಮಾಗಿ ಕುಳಿತು ಬೆರಳು ಮಡಚಿದ. “ನನ್ನ ಸಡ್ಡಕ ಇದ ಊರಾಗ ಅದಾನ. ತಿಂಗಳಿಗೊಂದ ಶುಕ್ರವಾರ ಜುಮ್ಮಾ ನಮಾಜಿಗರ ಬಂದೇ ಬಂದೇನಿ. ಹನ್ನೆರಡು ಹನ್ನೆರಡ್ಲೆ…”

“ನೂರಾ ನಲವತ್ನಾಲ್ಕು ನಮಾಜ ಬಾಕಿ, ಅಬ್ಬಾ,” ಎಂದಳು ಶಮಶಾದ.

ಇಮಾಮ ಪೊರಕೆ ಕೆಳಗಿಟ್ಟು, ಮೊದಲನೆಯದಕ್ಕೆ ಕೈಕಾಲು ತೊಳೆದು ವಜೂ ಮಾಡಲು ನೀರಿನ ತೊಟ್ಟಿಯ ಕಡೆ ನಡೆದ.