ಜೊತೆಗೆ ಕೂರುವವರು

ಉಪಪ್ರಾಂಶುಪಾಲರು ಹಾರ ಇಟ್ಟು ಕೈಮುಗಿದವರೇ ಸೀದಾ ಬಾಗಿಲ ಬಳಿ ನಿಂತಿದ್ದ ಹುಡುಗಿಯ ಹತ್ತಿರ ಹೋದರು.

"ನಾಲ್ಕು ಗಂಟೆಗೆ ವಿಚಾರಣೆ. ನೆನಪಿದೆ ತಾನೆ?"

"ಇವತ್ತಾ ಸಾರ್? ನನ್ನ ಜೊತೆ ಕೂರ್ಬೇಕಾಗಿದ್ದೋರೇ..." ಹುಡುಗಿ ನಡುಮನೆಯಲ್ಲಿ ಮಲಗಿಸಿದ್ದ ಗುಮಾಸ್ತರ ದೇಹದತ್ತ ನೋಡಿದಳು.

"ಬೇರೆ ಯಾರನ್ನಾದ್ರೂ ಕರ್ಕೊಂಡು ಬಾ. ಸೋಮವಾರದಿಂದ ಕೊನೇ ಪರೀಕ್ಷೆ. ನೀನು ಬರೀಬೇಕೋ ಬೇಡ್ವೋ ಇವತ್ತೇ ತೀರ್ಮಾನ ಆಗ್ಬೇಕು."

"ಸಾರ್, ಟೆಸ್ಟಲ್ಲಿ ಸಿಕ್ಕ ಆ ಕಾಪಿ ಚೀಟಿ ನನ್ನದಲ್ಲ ಅನ್ನೋದಕ್ಕೆ..."

"ಎಲ್ಲಾ ನಾಲ್ಕು ಗಂಟೆಗೆ."

ಗುಮಾಸ್ತರ ಹೆಂಡತಿ ಇದನ್ನೆಲ್ಲ ಕೇಳಿಸಿಕೊಂಡರು. ಗಂಡನ ತಲೆದೆಸೆಯಲ್ಲಿ ಕೂತಿದ್ದರೂ ಕಿವಿ ಬಾಗಿಲಿನ ಕಡೆಗೇ ಇತ್ತು. ಸಾವಿನ ಮನೆಯಲ್ಲೂ ಅದೇ ಚೀಟಿ, ಅದೇ ವಿಚಾರಣೆ! ಈ ಮಾತುಗಳನ್ನು ಕೇಳಿ ಕೇಳಿ ಅವರಿಗೆ ಸಾಕಾಗಿ ಹೋಗಿತ್ತು.

ಕಾಲೇಜಿನ ಕಚೇರಿಯಿಂದ ನಿವೃತ್ತರಾಗಿ ಹನ್ನೆರಡು ವರ್ಷವಾದರೂ ಈ ಮನುಷ್ಯ ಮನೆಯಲ್ಲಿ ನೆಟ್ಟಗೆ ಕೂತವರಲ್ಲ. ಯಾವ ವಿದ್ಯಾರ್ಥಿಯ ಮೇಲೆ ಏನು ಆರೋಪ ಬಂದರೂ ವಿಚಾರಣೆಯಲ್ಲಿ ಪಕ್ಕದಲ್ಲಿ ಕೂರಲು ಇವರೇ ಬೇಕು. ಬಿಡಿಗಾಸಿಲ್ಲದ ಚಾಕರಿ. ಮನೆಯಲ್ಲೂ ಅದೇ ಚಾಳಿ. ಮಗಳು ಲೋಟ ಒಡೆದಳೆಂದು ತಾವು ಗದರಿದರೆ, ಗಂಡ "ಇರು, ಅವಳ ಮಾತು ಪೂರ್ತಿ ಕೇಳೋಣ" ಎನ್ನುತ್ತಿದ್ದರು. ಮಗಳ ಕತೆ ಮುಗಿಯುವಷ್ಟರಲ್ಲಿ ಅನ್ನ ಆರಿ ತಣ್ಣಗಾಗಿರುತ್ತಿತ್ತು. ಕೊನೆಗೆ ನೋಡಿದರೆ ಲೋಟವನ್ನು ಅಂಚಿನಲ್ಲಿ ಇಟ್ಟವರು ತಾವೇ! ಮೈಯೆಲ್ಲ ಉರಿದುಹೋಗುತ್ತಿತ್ತು.

*

ಮೂವತ್ತು ವರ್ಷದ ಹಿಂದೆ ಒಂದು ಸಂಜೆ ಗುಮಾಸ್ತರು ಮನೆಗೆ ಬಂದು, ಬೂಟು ಕೂಡ ಬಿಚ್ಚದೆ ಕೂತುಬಿಟ್ಟಿದ್ದರು.

"ಸೂಕ್ಷ್ಮದರ್ಶಕ ಸಿಕ್ತಂತೆ," ಎಂದರು.

ಪ್ರಯೋಗಾಲಯದ ಸೂಕ್ಷ್ಮದರ್ಶಕ ಕದ್ದನೆಂದು ಒಬ್ಬ ವಿದ್ಯಾರ್ಥಿಯನ್ನು ಹಿಂದಿನ ತಿಂಗಳು ಕಾಲೇಜಿನಿಂದ ತೆಗೆದುಹಾಕಿದ್ದರು. ಅದು ರಿಪೇರಿ ಅಂಗಡಿಯಲ್ಲಿತ್ತು. ಕಳಿಸಿದ್ದು ಪ್ರಯೋಗಾಲಯದವರೇ, ಮರೆತವರೂ ಅವರೇ.

"ಸಿಕ್ತಲ್ಲ, ಹುಡುಗನ್ನ ವಾಪಸ್ ಕರೀಲಿ."

"ಎಲ್ಲಿಗೆ ಹೋದ್ನೋ ಗೊತ್ತಿಲ್ಲ. ಮನೆಗೆ ಕಳಿಸಿದ ಆದೇಶಾನೇ ತಿರುಗಿ ಬಂದಿದೆ." ಬೂಟಿನ ದಾರಕ್ಕೆ ಕೈ ಹಾಕುತ್ತಾ ಹೇಳಿದರು: "ತೆಗೆದುಹಾಕೋ ಆದೇಶಾನ ನಾನು ಹನ್ನೊಂದು ಗಂಟೆಗೇ ಟೈಪ್ ಮಾಡಿದ್ದೆ ಕಣೆ. ಅವನನ್ನ ವಿಚಾರಣೆಗೆ ಕರೆದಿದ್ದು ಅವತ್ತು ಮೂರು ಗಂಟೆಗೆ."

ಮರುವರ್ಷ ಕಾಲೇಜಿನ ನಿಯಮಗಳನ್ನು ಹೊಸದಾಗಿ ಟೈಪ್ ಮಾಡುವ ಕೆಲಸ ಬಂತು. ನಲವತ್ತು ಪುಟ. ಮೂವತ್ತೊಂದನೆಯ ಪುಟದಲ್ಲಿ, ಯಾರೂ ಹೇಳದ ಮೂರು ಸಾಲನ್ನು ಗುಮಾಸ್ತರು ತಾವೇ ಸೇರಿಸಿದರು: ಆರೋಪ ಹೊತ್ತವರು ಬಯಸಿದ ಒಬ್ಬರು ಅವರ ಪಕ್ಕದಲ್ಲಿ ಕೂರಬಹುದು. ಹಾಗೆ ಕೂತವರು ಮಾತನಾಡಕೂಡದು. ಅವರು ಕುಳಿತಿರುವಷ್ಟು ಹೊತ್ತು ಮಾತ್ರ ವಿಚಾರಣೆ ನಡೆಯತಕ್ಕದ್ದು.

ಸಮಿತಿಯ ಐವರೂ ಪ್ರತಿ ಪುಟಕ್ಕೂ ಸಹಿ ಹಾಕಿದರು, ಒಬ್ಬರೂ ಓದಲಿಲ್ಲ. ವಿಷಯ ಹೊರಬೀಳುವಷ್ಟರಲ್ಲಿ ಮೂರು ವರ್ಷ ಕಳೆದಿತ್ತು. ಇದು ನಮ್ಮ ನಿಯಮವಲ್ಲ ಎಂದರೆ ಓದದೆ ಸಹಿ ಹಾಕಿದ್ದೇವೆಂದು ಒಪ್ಪಿಕೊಂಡಂತೆ. ಹೀಗಾಗಿ ಎಲ್ಲರೂ ತೆಪ್ಪಗಾದರು, ನಿಯಮ ಉಳಿಯಿತು.

*

ಅಂತ್ಯಕ್ರಿಯೆ ಮುಗಿದಾಗ ಮೂರು ಗಂಟೆ. ಹುಡುಗಿ ಮನೆಯ ಗೇಟಿನ ಹೊರಗೆ ಫೈಲು ಅವಚಿಕೊಂಡು ಇನ್ನೂ ನಿಂತೇ ಇದ್ದಳು.

"ಯಾರೂ ಸಿಗ್ಲಿಲ್ವಾ?" ಗುಮಾಸ್ತರ ಹೆಂಡತಿ ಕೇಳಿದರು.

"ಇಲ್ಲ ಆಂಟಿ. ಗೆಳತೀರೆಲ್ಲ ಮೇಷ್ಟ್ರುಗಳಿಗೆ ಹೆದರ್ತಾರೆ."

"ನಡಿ ಹಾಗಾದ್ರೆ."

ಮಗಳು ಕೈ ಹಿಡಿದೆಳೆದಳು. "ಅಮ್ಮಾ, ತಲೆ ನೆಟ್ಟಗಿದ್ಯಾ? ಅಪ್ಪನ್ನ ಕಳಿಸಿ ಇನ್ನೂ ಒಂದು ಗಂಟೆ ಆಗಿಲ್ಲ. ಜನ ಏನಂತಾರೆ?"

"ಅಂದ್ಕೊಳ್ಲಿ ಬಿಡೇ. ಹೋಗೋವಾಗಲೂ ನನ್ನ ತಲೆಗೆ ಒಂದು ಕೆಲಸ ಕಟ್ಟೇ ಹೋಗಿದಾರೆ ನಿಮ್ಮಪ್ಪ."

ವಿಚಾರಣೆಯ ಕೋಣೆಯಲ್ಲಿ ಉಪಪ್ರಾಂಶುಪಾಲರು, ಒಬ್ಬ ಹಿರಿಯ ಮೇಷ್ಟ್ರು, ಒಬ್ಬ ಹೊಸ ಉಪನ್ಯಾಸಕಿ ಕೂತಿದ್ದರು.

"ನೀವಾ ಅಮ್ಮಾ? ಇವತ್ತು?" ಎಂದರು ಉಪಪ್ರಾಂಶುಪಾಲರು.

"ಇವತ್ತೇ ಆಗ್ಬೇಕು ಅಂದಿದ್ದು ನೀವೇ ಅಲ್ವಾ?" ಎಂದು ಗುಮಾಸ್ತರ ಹೆಂಡತಿ ಹುಡುಗಿಯ ಪಕ್ಕದ ಕುರ್ಚಿಯಲ್ಲಿ ಕೂತರು. ಆಮೇಲೆ ಬಾಯಿ ಬಿಗಿಹಿಡಿದರು.

ಹುಡುಗಿ ಶುರುಮಾಡಿದಳು. "ಸಾರ್, ಅವತ್ತು ಮಧ್ಯಾಹ್ನ ಆ ಬೆಂಚಲ್ಲಿ..."

"ಬೆಂಚಿನ ಕತೆ ಯಾರಿಗೆ ಬೇಕು? ಚೀಟಿ ನಿನ್ನ ಕಾಲ ಹತ್ರ ಸಿಕ್ತೋ ಇಲ್ವೋ? ಅಷ್ಟು ಹೇಳು."

ಗುಮಾಸ್ತರ ಹೆಂಡತಿಗೆ ಸಿಟ್ಟು ನೆತ್ತಿಗೇರಿತು. ಬೈಯಲು ಎದ್ದು ನಿಂತೇಬಿಟ್ಟರು. ಮಾತನಾಡಕೂಡದೆಂಬುದು ಆಗ ನೆನಪಾಗಿ, ತುಟಿ ಕಚ್ಚಿಕೊಂಡು ಹಾಗೆಯೇ ನಿಂತರು.

"ಏನಾಯ್ತಮ್ಮಾ? ಕೂತ್ಕೊಳ್ಳಿ. ಹೂಂ, ನೀನು ಹೇಳು..."

ಉಪನ್ಯಾಸಕಿ ನಿಯಮದ ಪುಸ್ತಕ ತೆರೆದಳು. "ಸಾರ್, ಅವರು ಕೂರೋ ತನಕ ಏನೂ ಕೇಳೋ ಹಾಗಿಲ್ಲ."

ಗಂಡ ಆ ಮೂರನೆಯ ಸಾಲನ್ನು ಯಾಕೆ ಬರೆದಿದ್ದರೆಂದು ಗುಮಾಸ್ತರ ಹೆಂಡತಿಗೆ ಅರ್ಥವಾಯಿತು. ನಿಧಾನವಾಗಿ ಕೂತರು. ಹುಡುಗಿ ಮತ್ತೆ ಬೆಂಚಿನಿಂದ ಶುರುಮಾಡಿದಳು. ಉಪಪ್ರಾಂಶುಪಾಲರು ಮತ್ತೆ ಬಾಯಿ ಹಾಕಿದರು. ಇವರು ಮತ್ತೆ ಎದ್ದರು. ಮೂರನೆಯ ಸಲ ಅವರು ಬಾಯಿ ತೆರೆಯುತ್ತಿದ್ದಂತೆ ಇವರು ಕುರ್ಚಿಯ ತೋಳಿಗೆ ಕೈ ಊರಿದರು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

"ಆ ರೂಮಲ್ಲಿ ಬೆಳಿಗ್ಗೆ ಬೇರೆಯವರು ರಸಾಯನಶಾಸ್ತ್ರ ಬರೆದಿದ್ರು ಸಾರ್," ಎಂದಳು ಹುಡುಗಿ. "ಮಧ್ಯಾಹ್ನ ನಾವು ಬರೆದಿದ್ದು ಇತಿಹಾಸ. ಚೀಟೀಲಿ ಏನಿದೆ ಅಂತ ದಯವಿಟ್ಟು ಓದಿ. ಮೂರು ವಾರದಿಂದ ಇದೊಂದೇ ಮಾತು ಹೇಳೋಣ ಅಂತಿದೀನಿ."

ಉಪಪ್ರಾಂಶುಪಾಲರು ಫೈಲು ತಮ್ಮ ಕಡೆ ಎಳೆದುಕೊಂಡರು. ಗುಂಡುಪಿನ್ನು ಕಿತ್ತು, ಹೆಬ್ಬೆರಳಿನಷ್ಟಕ್ಕೆ ಮಡಚಿದ್ದ ಚೀಟಿಯ ಮಡಿಕೆಗಳನ್ನು ಮೊದಲ ಸಲ ಒಂದೊಂದಾಗಿ ಬಿಡಿಸತೊಡಗಿದರು.