ಗೋಡೆಯ ಮೇಲಿನ ಗಂಟು

“ಕೈ ಹಾಕಿ ಎಳ್ಯೇ, ಮುಂಡೇದೇ! ಕೈಗೇನು ಬಂಗಾರ ಕಟ್ಸಿದ್ದೀಯಾ?”

ಕುಂದಾಣದ ಗೌಡ ವೆಂಕಟರಾಯಪ್ಪ ಬಾಗಿಲಲ್ಲಿ ನಿಂತು ಗದರಿದ. ಅವನ ಕೊಟ್ಟಿಗೆಯಲ್ಲಿ ಹಸು ಮತ್ತೆ ಕಂದು ಹಾಕುತ್ತಿತ್ತು. ಸಗಣಿ ಬಾಚುವ ಮುನಿತಾಯಮ್ಮ ಬರಿಗೈಯಲ್ಲೇ ಎಳೆದಳು. ಕೂದಲು ಮೂಡದ ಕರು ಜಾರಿ ಅವಳ ಮಡಿಲಿಗೇ ಬಿತ್ತು. ಮುಚ್ಚಿದ ಆ ರೆಪ್ಪೆಗಳನ್ನು ಅವಳು ಬಲ್ಲಳು. ಹೋದ ಯುಗಾದಿಗೆ ಮಗಳು ಭಾನುಪ್ರಿಯಾಳ ಹೊಟ್ಟೆಯಿಂದ ದಿನ ತುಂಬದೆ ಇಳಿದ ಕೂಸಿಗೂ ಇವೇ ರೆಪ್ಪೆಗಳಿದ್ದವು. ಆಗ ಈ ಕೊಟ್ಟಿಗೆಯ ಗೇಯ್ಮೆ ಭಾನುವಿನದು. ಈಗ ಅವಳು ಮತ್ತೆ ಬಸುರಿ, ಸಂಜೆಯಾದರೆ ಜ್ವರ.

ದನದ ಡಾಕ್ಟರು ಜಯಕುಮಾರ್ ತೋಳುದ್ದದ ಗ್ಲೌಸು ಕಳಚುತ್ತ ದನಿ ತಗ್ಗಿಸಿದ. “ಕಂದು ಹಾಕೋ ರೋಗ, ಗೌಡ್ರೇ. ಮನುಷ್ಯರಿಗೂ ಅಂಟುತ್ತೆ. ನಿಮ್ಮ ಸೊಸೇನ ಈ ಕಡೆ ಬಿಡ್ಬೇಡಿ.”

ಮುನಿತಾಯಮ್ಮನ ಕಿವಿಗೂ ಅದು ಬಿತ್ತು. “ಸ್ವಾಮೀ, ನನ್ ಮಗ್ಳು?”

“ನಾನು ದನದ ಡಾಕ್ಟ್ರು ಕಣಮ್ಮ. ಮನುಷ್ಯರದ್ದು ನಮ್ಮ ಪಕ್ಕದ ಆಸ್ಪತ್ರೇಲಿ ಕೇಳು.”

ಕೇಳಿಯಾಗಿತ್ತು. ಅಲ್ಲಿಯ ಡಾಕ್ಟರಮ್ಮ ಜ್ವರದ ಗುಳಿಗೆ ಕೊಟ್ಟು, “ಹಸು ವಿಷ್ಯ ಪಕ್ಕದಲ್ಲಿ ಹೇಳಿ” ಎಂದಿದ್ದಳು.

ವೆಂಕಟರಾಯಪ್ಪ ನಕ್ಕ. “ನಿಮ್ಗೇನೇ ಅಂಟೋದು? ಸತ್ತ ದನ ತಿಂದು ಅರಗಿಸ್ಕೊಂಡ ಜಾತಿ! ಹೋಗು, ಮಾಸು ಆಲದ ಮರಕ್ಕೆ ಕಟ್ಟು, ಹಾಲಾದ್ರೂ ಇಳೀಲಿ. ಇನ್ನೊಂದು ಹಸು ದಿನ ತುಂಬ್ಕೊಂಡೈತೆ. ನಿನ್ ಕೈಲಿ ಕಸುವಿಲ್ಲ, ನಾಳೆಯಿಂದ ಭಾನೂನ ಕಳ್ಸು. ಇಲ್ಲಾಂದ್ರೆ ಗುಡ್ಲು ಖಾಲಿ ಮಾಡಿ.”

ಕರುವನ್ನೂ ಮಾಸನ್ನೂ ಗೋಣಿಯಲ್ಲಿ ಕಟ್ಟಿ ಅವಳು ಆಲದ ಬುಡಕ್ಕೆ ಬಂದಳು. ಬಿಳಲುಗಳ ನಡುವೆ ಹಳೆಯ ಗಂಟುಗಳು ಒಣಗಿ ನೇತಾಡುತ್ತಿದ್ದವು. ಎಲೆ ಅಲುಗದ ಹೊತ್ತಿನಲ್ಲಿ ಒಂದೇ ಒಂದು ಗಂಟು ತೂಗುತ್ತಿತ್ತು, ಯಾರೋ ಈಗಷ್ಟೇ ತೊಟ್ಟಿಲು ತೂಗಿ ಎದ್ದು ಹೋದ ಹಾಗೆ. ಹೋದ ವರ್ಷ ಹಸುವಿನ ಮಾಸು ತಂದು ಭಾನು ಕಟ್ಟಿದ ಗಂಟದು. ಅವಳ ಹಳೇ ಸೀರೆಯ ಅಂಚು ಗುರುತು ಸಿಕ್ಕಿತು.

ಎತ್ತಿದ ಕೈ ಇಳಿಸಿ, ತಾನು ತಂದ ಗೋಣಿಗಂಟನ್ನು ಮತ್ತೆ ತಲೆಗೇರಿಸಿಕೊಂಡು ಮುನಿತಾಯಮ್ಮ ರಸ್ತೆ ಹಿಡಿದಳು.

ದನದ ಆಸ್ಪತ್ರೆಗೂ ಜನರ ಆಸ್ಪತ್ರೆಗೂ ನಡುವೆ ಒಂದೇ ಗೋಡೆ. ಕಲ್ಲು ಹತ್ತಿ ಗಂಟನ್ನು ಅದರ ನೆತ್ತಿಯ ಮೇಲಿಟ್ಟಳು.

“ಬರ್ರಿ ಇಬ್ರೂವೇ! ಇದು ಯಾರ ಪಾಲಿಂದು ಹೇಳ್ರಿ. ಹೇಳೋಗಂಟ ಇಳ್ಸಾಕಿಲ್ಲ. ನನ್ ಮಗ್ಳು ಆ ಕೊಟ್ಗೆಗೆ ಕಾಲಿಕ್ಕಾಕೂ ಇಲ್ಲ!”

ಚೀಟಿ ಹಿಡಿದು ಕೂತಿದ್ದವರು ಎದ್ದು ನಿಂತರು. ಆಚೆಯಿಂದ ಜಯಕುಮಾರ್, ಈಚೆಯಿಂದ ಡಾಕ್ಟರಮ್ಮ ಬಂದರು. ಗಂಟಿನ ಮೇಲಿಂದ ಒಬ್ಬರನ್ನೊಬ್ಬರು ನೋಡಿದರು.

ಗೋಣಿ ನೆನೆದು, ಗೋಡೆಯ ಎರಡೂ ಮೈಗೆ ಕೆಂಪು ನೀರು ಇಳಿಯುತ್ತಿತ್ತು.